ರಾಣಿ ಕುಣಿದ ಚಾವಡಿಯಲ್ಲಿ ಹದಿನಾಲ್ಕು ಡಬ್ಬ ಗೇರುಬೀಜ

ಹೊರಡುವ ಮೊದಲು: ಕಾರ್ಕಳ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ಸೇತುವೆ, ಮ್ಯೂಸಿಯಂ, ಹೂದೋಟಗಳ ಬಗ್ಗೆ ಬರೆಯುತ್ತಾರೆ. ನಾನು ಆಮ್‌ಸ್ಟರ್‌ಡ್ಯಾಮಿನಲ್ಲಿ ಇದ್ದದ್ದು ಎಂಟು ದಿನ. ಅದರಲ್ಲಿ ನಾಲ್ಕು ದಿನ ನೆಲದ ಮೇಲೆ ಕೂತು ಗೇರುಬೀಜ ಆರಿಸಿದೆ. ಕಾರ್ಕಳದಲ್ಲಿಯೂ ನಾನು ಮಾಡುತ್ತಿದ್ದುದು ಅದನ್ನೇ. ಹೂದೋಟದ ವಿವರ ಬೇಕಾದವರು ಬೇರೆ ಯಾರದಾದರೂ ಬರಹ ಓದುವುದು ಒಳ್ಳೆಯದು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ನಾನು ಗ್ರೇಡಿಂಗ್ ವಿಭಾಗದ ಮೇಲ್ವಿಚಾರಕಿಯಾಗಿದ್ದೆ. ಸಿಪ್ಪೆ ಸುಲಿದು ಬಂದ ಬೀಜವನ್ನು ಗಾತ್ರ ಮತ್ತು ಬಣ್ಣ ನೋಡಿ ಬೇರೆ ಬೇರೆ ಮಾಡುವುದು ನಮ್ಮ ಕೆಲಸ. ಒಂದು ಪೌಂಡಿಗೆ ಇನ್ನೂರ ನಲವತ್ತು ಬೀಜ ಬಂದರೆ ಅದು ಒಂದು ಜಾತಿ, ಮುನ್ನೂರ ಇಪ್ಪತ್ತು ಬಂದರೆ ಇನ್ನೊಂದು. ಬಿಳಿಯದು ಒಂದು ಕಡೆ, ಹುರಿಯುವಾಗ ತುಸು ಕಂದಿದ್ದು ಇನ್ನೊಂದು ಕಡೆ. ಇದಕ್ಕೆಲ್ಲ ನಮ್ಮಲ್ಲಿ ಯಂತ್ರ ಇರಲಿಲ್ಲ. ಹೆಂಗಸರು ಇದ್ದರು.

ಆ ವರ್ಷ ನಮ್ಮ ದೊಡ್ಡ ಖರೀದಿದಾರರಿಂದ ಕಾಗದ ಬಂತು. ಹದಿನಾಲ್ಕು ಡಬ್ಬಗಳಲ್ಲಿ ಕಲಬೆರಕೆ ಆಗಿದೆ, ನಾವು ಒಪ್ಪುವುದಿಲ್ಲ, ಮುಂದಿನ ಸರಕನ್ನೂ ಸದ್ಯಕ್ಕೆ ಕಳಿಸಬೇಡಿ ಎಂದಿತ್ತು. ಆ ಸರಕು ಹೋಗದಿದ್ದರೆ ಮಳೆಗಾಲದಲ್ಲಿ ಕಾರ್ಖಾನೆ ಮುಚ್ಚಬೇಕಾಗುತ್ತಿತ್ತು. ಕಾರ್ಖಾನೆಯ ಧಣಿಗಳಾದ ರಘುವೀರ ಕಾಮತರು ಆ ಕಾಗದವನ್ನು ಗ್ರೇಡಿಂಗ್ ಚಾವಡಿಗೇ ತಂದು ನನ್ನೆದುರು ಓದಿದರು. ಧಣಿಗಳ ಮನೆಮಾತು ಕೊಂಕಣಿ, ನನ್ನದು ತುಳು. ನನ್ನ ಜೊತೆ ತುಳು ಆಡುವ ಅವರು ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ. ಈ ಪ್ರವಾಸ ಪೂರ್ತಿ ಕನ್ನಡದಲ್ಲಿಯೇ ನಡೆಯಿತು.

"ಇದೆಲ್ಲ ಬರೀ ನೆಪ ವಾಸಂತಿ. ಅವರಿಗೆ ಸರಕು ಬೇಡ, ಅದಕ್ಕೆ ನಮ್ಮ ಗ್ರೇಡಿಂಗಿನ ಮೇಲೆ ಹಾಕುವುದು. ನೀನು ನನ್ನ ಜೊತೆ ಬಾ. ಅವರ ಕಣ್ಣೆದುರಿಗೇ ಡಬ್ಬ ಒಡೆದು ತೋರಿಸು."

"ನಾನಾ ಧಣಿಗಳೇ?"

"ಮತ್ತೆ ನಾನಾ? ಇನ್ನೂರ ನಲವತ್ತಕ್ಕೂ ಮುನ್ನೂರ ಇಪ್ಪತ್ತಕ್ಕೂ ಎಂತ ವ್ಯತ್ಯಾಸ ಅಂತ ನನಗೆ ಗೊತ್ತಾಗುವುದು ಬಿಲ್ಲಿನಲ್ಲಿ ಮಾತ್ರ."

ಆಯಿತು ಎಂದೆ. ಆದರೆ ಆ ಡಬ್ಬಗಳನ್ನು ಯಾರೂ ಒಡೆಯುವುದು ನನಗೆ ಬೇಡವಾಗಿತ್ತು. ಅದಕ್ಕೆ ಕಾರಣ ಕಲ್ಯಾಣಿ.

ಕಲ್ಯಾಣಿಯೂ ನಾನೂ ಒಂದೇ ದಿನ ಆ ಕಾರ್ಖಾನೆಗೆ ಸೇರಿದವರು. ಇಬ್ಬರಿಗೂ ಆಗ ಲಂಗ ಉಡುವ ವಯಸ್ಸು. ಅವಳಷ್ಟು ಬೇಗ ಓಡುವ ಕೈ ನಮ್ಮಲ್ಲಿ ಇನ್ನೊಬ್ಬರದಿಲ್ಲ. ಆದರೆ ಎರಡು ವರ್ಷದಿಂದ ಅವಳಿಗೆ ಕಣ್ಣು ಮಂಜಾಗಿತ್ತು. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಬೀಜವನ್ನು ಕಿಟಕಿಯ ಕಡೆಗೆ ತಿರುಗಿಸಿ ಹಿಡಿಯುವುದನ್ನು ನೋಡಿ ನನಗೇ ತಿಳಿಯಿತು. ಗಂಡ ತೀರಿಕೊಂಡ ಹೆಂಗಸು, ಓದುತ್ತಿರುವ ಮಗಳು. ಗೊತ್ತಾದರೆ ಕೆಲಸ ಹೋಗುತ್ತದೆ. ಅಂದಿನಿಂದ ಪ್ರತಿ ಸಂಜೆ ಅವಳು ಕೈಕಾಲು ತೊಳೆಯಲು ಎದ್ದಾಗ ನಾನು ಅವಳ ಡಬ್ಬದಲ್ಲಿ ಕೈಯಾಡಿಸಿ, ಬಿಳಿಯದರ ನಡುವೆ ಸೇರಿಹೋದ ಕಂದಿದ ಬೀಜಗಳನ್ನು ಹೆಕ್ಕಿ ತೆಗೆಯುತ್ತಿದ್ದೆ. ಎರಡು ವರ್ಷ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಉಚ್ಚಿಲದ ನನ್ನ ತವರಿನಲ್ಲಿ ಅಣ್ಣನ ಮಗಳ ಮದುವೆ ಬಂತು. ಹತ್ತು ದಿನ ರಜೆ ಹಾಕಿದೆ. ಆ ಹತ್ತು ದಿನದ ಡಬ್ಬಗಳೇ ಹಡಗು ಹತ್ತಿದ್ದವು.

ಪ್ರತಿ ಡಬ್ಬದೊಳಗೆ ಆರಿಸಿದವರ ಸಂಖ್ಯೆಯ ಚೀಟಿ ಇರುತ್ತದೆ. ಕಲ್ಯಾಣಿಯದ್ದು ಹದಿನೇಳು. ಮುಂಬಯಿಯಲ್ಲಿ ವಿಮಾನ ಹತ್ತಿ ಕೂತ ಮೇಲೆ ಉಚ್ಚಿಲದ ಮಹಾಲಕ್ಷ್ಮಿಯನ್ನು ನೆನೆದು, ಆ ಚೀಟಿ ಹದಿನೇಳು ಆಗದೆ ಇರಲಿ ಎಂದು ಬೇಡಿಕೊಂಡೆ. ವಿಮಾನ ನೆಲ ಬಿಟ್ಟ ಮೇಲೆ ವಿಮಾನದ ವಿಷಯವನ್ನೂ ಸೇರಿಸಿದೆ.

ಬಂದ ದಿನ: ಹೋಟೆಲು

ಖರೀದಿದಾರರು ನಮಗೆ ಗೊತ್ತು ಮಾಡಿದ್ದ ಹೋಟೆಲು ಹಳೆ ಪೇಟೆಯ ಸರಿ ನಡುವೆ, ಕಾಲುವೆಯ ದಡದಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು. ಸೊಂಟದಲ್ಲಿ ಕೀಲಿಕೈಯ ಗೊಂಚಲು. ಅವರ ಹೆಸರು ಕೇಳಿದೆ. ಅದನ್ನು ಉಚ್ಚರಿಸಲು ಗಂಟಲಲ್ಲಿ ಸ್ವಲ್ಪ ಕಫ ಬೇಕು. ಹಾಗಾಗಿ ನಾನು ಅವರನ್ನು ಅಮ್ಮ ಎಂದೇ ಕರೆದೆ. ಅವರು ಬೇಸರಿಸಲಿಲ್ಲ.

ಹೋಟೆಲು ಇನ್ನೂರು ವರ್ಷ ಹಳೆಯದು ಎಂದು ಅಮ್ಮ ನಮಗೆ ಎರಡು ಸಲ ಹೇಳಿದರು. ನಾವು ಕಾರ್ಕಳದವರು. ನಮ್ಮ ಗುಡ್ಡದ ಮೇಲೆ ಗೊಮ್ಮಟ ಐನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಿಂತೇ ಇದ್ದಾನೆ, ಅದನ್ನು ನಾವು ಯಾರಿಗೂ ಎರಡು ಸಲ ಹೇಳುವುದಿಲ್ಲ. ಧಣಿಗಳು ಮರ್ಯಾದೆಗೆ "ಓಹೋ" ಎಂದರು. ಒಬ್ಬ ರಾಣಿ ಇಲ್ಲಿನ ದೊಡ್ಡ ಚಾವಡಿಯಲ್ಲಿ ಕುಣಿದಿದ್ದಳಂತೆ. ಅದಕ್ಕೂ ಧಣಿಗಳು "ಓಹೋ" ಎಂದರು.

ಅಮ್ಮ ಪುಸ್ತಕ ತೆರೆದು ನಮ್ಮಿಬ್ಬರನ್ನೂ ನೋಡಿ ಒಂದೇ ಕೋಣೆಯ ಕೀಲಿಕೈ ಮುಂದಿಟ್ಟರು. ಚರ್ಮ ಸುಡುವ ಗೇರುಸಿಪ್ಪೆಯ ಎಣ್ಣೆ ತಾಗಿದವರ ಹಾಗೆ ಧಣಿಗಳು ಹಿಂದಕ್ಕೆ ಹಾರಿದರು. "ನೋ, ನೋ! ಗ್ರೇಡಿಂಗ್! ಗ್ರೇಡಿಂಗ್!" ಎಂದು ನನ್ನ ಕಡೆ ಕೈ ತೋರಿಸಿ ಕೂಗಿದರು. ಅಮ್ಮನಿಗೆ ಏನು ಅರ್ಥವಾಯಿತೋ, ಬೇರೆ ಬೇರೆ ಮಹಡಿಯಲ್ಲಿ ಎರಡು ಕೋಣೆ ಕೊಟ್ಟರು.

ಮಹಡಿಗೆ ಹೋಗುವ ದಾರಿಯನ್ನು ಅವರು ಮೆಟ್ಟಿಲು ಎನ್ನುತ್ತಾರೆ. ನಮ್ಮಲ್ಲಿ ಅಟ್ಟದಿಂದ ತೆಂಗಿನಕಾಯಿ ಇಳಿಸಲು ಏಣಿ ಇಡುತ್ತೇವಲ್ಲ, ಅದಕ್ಕೇ ಕೆಂಪು ರತ್ನಗಂಬಳಿ ಹಾಸಿದ್ದರು. ಧಣಿಗಳು ಪಕ್ಕದಲ್ಲಿ ಆಸರೆಗೆ ಕಟ್ಟಿದ್ದ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹತ್ತಿದರು. ನಾನು ಹಿಂದೆಯೇ ಇದ್ದೆ; ನನ್ನನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೋಣೆಯ ಒಳಗೆ ಹೋಗುವಾಗ ಹವಾಯಿ ಚಪ್ಪಲಿಯನ್ನು ಹೊರಗೆ ಬಿಟ್ಟೆ. ಬೇರೆಯವರ ಮನೆಗೆ ಬಂದಾಗ ಇನ್ನೆಲ್ಲಿ ಬಿಡುವುದು? ಬೆಳಿಗ್ಗೆ ನೋಡಿದರೆ ಚಪ್ಪಲಿ ಇಲ್ಲ. ಪರದೇಶದಲ್ಲಿ ಮೊದಲ ದಿನವೇ ಚಪ್ಪಲಿ ಕಳ್ಳರು ಎಂದು ಮನಸ್ಸಿನಲ್ಲೇ ಬೈಯುತ್ತಾ ಕೆಳಗಿಳಿದೆ. ಅಮ್ಮ ಒಂದು ಕಾಗದದ ಪೊಟ್ಟಣ ಕೊಟ್ಟರು. ಒಳಗೆ ನನ್ನ ಹವಾಯಿ ಚಪ್ಪಲಿ. ಆ ಹೋಟೆಲಿನಲ್ಲಿ ಬಾಗಿಲ ಹೊರಗೆ ಬಿಟ್ಟ ಪಾದರಕ್ಷೆಗಳನ್ನು ಪಾಲಿಶ್ ಮಾಡಿ ಕೊಡುವ ಕ್ರಮವಂತೆ. ರಬ್ಬರಿನ ನೀಲಿ ಪಟ್ಟಿಗೆ ಕಪ್ಪು ಪಾಲಿಶ್ ಹಾಕಿ ಉಜ್ಜಿದ್ದರು. ಆಮೇಲೆ ಅಲ್ಲಿದ್ದಷ್ಟು ದಿನವೂ ನನ್ನ ಕಾಲಬೆರಳುಗಳ ಸಂದು ಕಪ್ಪಾಗಿಯೇ ಇತ್ತು.

ಸ್ನಾನದ ತೊಟ್ಟಿಯಲ್ಲಿ ಒಂದು ಎಮ್ಮೆ ಮಲಗಬಹುದಿತ್ತು. ಆದರೆ ನೀರು ಹೊಯ್ದುಕೊಳ್ಳಲು ಒಂದು ಚೊಂಬು ಇರಲಿಲ್ಲ. ಕೈಸನ್ನೆ ಮಾಡಿ ಕೇಳಿದ್ದಕ್ಕೆ ಅಮ್ಮ ಹೂದಾನಿ ತಂದುಕೊಟ್ಟರು. ಹೊರಡುವವರೆಗೂ ಅದರಲ್ಲಿಯೇ ಸ್ನಾನ ಮಾಡಿದೆ.

ಧಣಿಗಳು ಮನೆಯಿಂದ ತಂದ ಅವಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ನಾನು ಸಮುದ್ರದ ಕಡೆಯವಳು, ಮೀನು ಕಂಡರೆ ಧೈರ್ಯ. ಬೀದಿಬದಿಯ ಗಾಡಿಯ ಎದುರು ಕೋಟು ಟೈ ಹಾಕಿದವರು ನಿಂತು, ಹಸಿ ಮೀನಿನ ಬಾಲ ಹಿಡಿದು, ತಲೆ ಮೇಲಕ್ಕೆತ್ತಿ ಬಾಯಿಗೆ ಇಳಿಸುತ್ತಿದ್ದರು. ಉಚ್ಚಿಲದಲ್ಲಿ ಬೆಕ್ಕುಗಳು ಸಹ ಇದನ್ನು ಸ್ವಲ್ಪ ಮರೆಯಲ್ಲಿ ಮಾಡುತ್ತವೆ. ನಾನೂ ಅವಲಕ್ಕಿಗೆ ಬಂದೆ.

ಎರಡನೆಯ ದಿನ: ಗೋದಾಮು

ಖರೀದಿದಾರರ ಹೆಸರು ಹೆಂಡ್ರಿಕ್. ಉದ್ದನೆಯ ಮುದುಕರು, ಬೆನ್ನು ಸ್ವಲ್ಪ ಬಾಗಿತ್ತು. ಅವರ ಇಂಗ್ಲಿಷು ನಿಧಾನ. ಧಣಿಗಳು ಅದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು, ಬೇಕಾದ ಹಾಗೆ ಸ್ವಲ್ಪ ಉಪ್ಪುಖಾರ ಸೇರಿಸಿ.

ಗೋದಾಮಿನಲ್ಲಿ ಎತ್ತರದ ಮೇಜಿನ ಮೇಲೆ ನಮ್ಮ ಹದಿನಾಲ್ಕು ಡಬ್ಬ ಸಾಲಾಗಿ ನಿಂತಿದ್ದವು. ನನಗೆ ಊರಿನವರನ್ನು ಕಂಡ ಹಾಗಾಯಿತು. ಮೊದಲನೆಯ ಡಬ್ಬದ ಮುಚ್ಚಳ ಎತ್ತಿದರು. ಚೀಟಿ ಮೇಲೆಯೇ ಇತ್ತು.

ಹದಿನೇಳು. ನನ್ನದೇ ಕೈಬರಹ; ರಜೆಗೆ ಹೊರಡುವ ಮೊದಲು ಬರೆದಿಟ್ಟದ್ದು.

ಎರಡನೆಯದೂ ಹದಿನೇಳು. ಆಮೇಲೆ ನಾನು ಚೀಟಿ ನೋಡುವುದನ್ನು ಬಿಟ್ಟೆ. ಬೀಜ ಸುರಿದ ಕೂಡಲೇ ಕಾಣುತ್ತಿತ್ತು. ಬಿಳಿಯದರ ನಡುವೆ ಅಲ್ಲಲ್ಲಿ ಕಂದು ಬೀಜ. ನೆಪವಲ್ಲ, ಕಾಗದದಲ್ಲಿ ಬರೆದದ್ದು ಅಷ್ಟೂ ಸತ್ಯ.

ಧಣಿಗಳು ಮಾತ್ರ ಇನ್ನೂ ಯುದ್ಧದಲ್ಲಿದ್ದರು. ಹಡಗಿನಲ್ಲಿ ಬಿಸಿ ತಾಗಿ ಬಣ್ಣ ತಿರುಗಿರಬೇಕು ಎಂದರು. ನಿಮ್ಮ ದೀಪದ ಬೆಳಕೇ ಹಳದಿ ಎಂದರು. ಹೆಂಡ್ರಿಕ್ ಒಂದು ಹಿಡಿ ಬೀಜ ತೆಗೆದುಕೊಂಡರು. ಕಣ್ಣು ಮುಚ್ಚಿ ಒಂದೊಂದನ್ನೇ ಬೆರಳುಗಳ ನಡುವೆ ಉರುಳಿಸಿದರು. ಇನ್ನೊಂದು ಡಬ್ಬದಿಂದ ಇನ್ನೊಂದು ಹಿಡಿ. ಹೀಗೆ ಆರೋ ಏಳೋ ಡಬ್ಬ ನೋಡಿದರು. ಆಮೇಲೆ ಕಣ್ಣು ತೆರೆದು ಧಣಿಗಳಿಗೆ ಏನೋ ಹೇಳಿದರು.

"ಎಂತ ಹೇಳಿದರು ಧಣಿಗಳೇ?"

"ಗಾತ್ರದಲ್ಲಿ ಒಂದೂ ತಪ್ಪಿಲ್ಲವಂತೆ. ಇಷ್ಟು ಒಳ್ಳೆಯ ಕೈಯನ್ನು ಅವರು ಬಹಳ ವರ್ಷದಿಂದ ನೋಡಿಲ್ಲವಂತೆ." ಧಣಿಗಳು ಕನ್ನಡಕ ತೆಗೆದು ಒರೆಸಿದರು. "ಇದನ್ನು ಆರಿಸಿದವರಿಗೆ ಕಣ್ಣು ಕಾಣುವುದಿಲ್ಲ ಅಂತ ಹೇಳಿದರು."

ಡಬ್ಬ ತುಂಬುವಾಗ ಯಾರೋ ಎರಡು ರಾಶಿ ಸೇರಿಸಿದ್ದಾರೆ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಆ ಸುಳ್ಳು ವಿಮಾನದಲ್ಲಿಯೇ ತಯಾರಾಗಿತ್ತು. ಆದರೆ ಆ ಮುದುಕರು ಅವಳ ಕೈಯನ್ನು ಅಷ್ಟು ಚೆನ್ನಾಗಿ ಗುರುತಿಸಿದ ಮೇಲೆ ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಹೌದಾ ವಾಸಂತಿ?"

"ಹೌದು ಧಣಿಗಳೇ. ಕಲ್ಯಾಣಿ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಎರಡು ವರ್ಷ."

ಇಷ್ಟನ್ನು ಧಣಿಗಳು ಇಂಗ್ಲಿಷಿಗೆ ತಿರುಗಿಸಲಿಲ್ಲ. ಹೆಂಡ್ರಿಕರಿಗೆ ಅದರ ಅಗತ್ಯವೂ ಇರಲಿಲ್ಲ. ಬಣ್ಣ ಬೇರೆ ಮಾಡಿ ಕೊಟ್ಟರೆ ಈ ಡಬ್ಬಗಳನ್ನು ಇಟ್ಟುಕೊಳ್ಳುತ್ತೇನೆ, ಮುಂದಿನ ಸರಕಿನ ವಿಷಯ ಅದಾದ ಮೇಲೆ ಎಂದರು. ಆದರೆ ಗೋದಾಮಿನಲ್ಲಿ ಕೂತು ಆರಿಸುವ ಹಾಗಿಲ್ಲ. ಹೊರಗಿನವರು ಕೈ ಹಾಕಿದರೆ ಅಲ್ಲಿನ ಕೆಲಸಗಾರರು ಕೆಲಸ ನಿಲ್ಲಿಸುತ್ತಾರಂತೆ. ಇದೊಂದು ವಿಷಯದಲ್ಲಿ ನಮ್ಮ ಊರಿಗೂ ಅವರ ಊರಿಗೂ ವ್ಯತ್ಯಾಸ ಕಾಣಲಿಲ್ಲ.

ಟ್ರಾಮಿನಲ್ಲಿ ಧಣಿಗಳು ಕಿಟಕಿಯ ಹೊರಗೆ ನೋಡುತ್ತಿದ್ದರು. ಹೋಟೆಲು ಹತ್ತಿರ ಬಂದಾಗ ಹೇಳಿದರು:

"ಊರಿಗೆ ಹೋದ ಕೂಡಲೇ ಅವಳನ್ನು ನಿಲ್ಲಿಸಬೇಕು. ನಿನ್ನದು ಆಮೇಲೆ ನೋಡುವ."

ಮೂರನೆಯ ದಿನದಿಂದ: ದೊಡ್ಡ ಚಾವಡಿ

ಡಬ್ಬಗಳು ಹೋಟೆಲಿಗೆ ಬಂದವು. ಕೋಣೆಗಳಲ್ಲೆಲ್ಲ ರತ್ನಗಂಬಳಿ, ಅದರ ಮೇಲೆ ಬೀಜ ಸುರಿದರೆ ನೂಲು ಸೇರುತ್ತದೆ. ಬರೀ ಮರದ ನೆಲ ಇದ್ದದ್ದು ರಾಣಿ ಕುಣಿದ ಆ ದೊಡ್ಡ ಚಾವಡಿಯಲ್ಲಿ ಮಾತ್ರ. ಚಳಿಗಾಲದಲ್ಲಿ ಅಲ್ಲಿ ಯಾರೂ ಕುಣಿಯುತ್ತಿರಲಿಲ್ಲ. ಧಣಿಗಳು ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದರು. ಕೊನೆಗೆ ಅಮ್ಮ ಕಪಾಟು ತೆರೆದು, ಇಸ್ತ್ರಿ ಮಾಡಿದ ಬಿಳಿ ಹಾಸುವಸ್ತ್ರಗಳನ್ನು ತಂದು ತಾವೇ ನೆಲಕ್ಕೆ ಹಾಸಿದರು. ತಲೆಯ ಮೇಲೆ ಗಾಜಿನ ದೊಡ್ಡ ತೂಗುದೀಪ. ಸುತ್ತ ಗೋಡೆಯಲ್ಲಿ ಗಡ್ಡದ ಗಂಡಸರ ಚಿತ್ರಗಳು. ನಡುವೆ ನಾನು, ಸೀರೆಯ ಮೇಲೆ ಅಮ್ಮನ ಉಣ್ಣೆಯ ಅಂಗಿ, ತಲೆಗೆ ಬಟ್ಟೆ.

ಮೊದಲ ಗಂಟೆ ಒಬ್ಬಳೇ ಆರಿಸಿದೆ. ಧಣಿಗಳು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಆಮೇಲೆ ಕೋಟು ತೆಗೆದರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿದರು. ಮುಖ ಬೇರೆ ಕಡೆ ತಿರುಗಿಸಿ ನನ್ನೆದುರು ನೆಲದಲ್ಲಿ ಕೂತರು.

"ಹೇಗೆ ಆರಿಸುವುದು ಹೇಳು."

ಇಪ್ಪತ್ತು ವರ್ಷದಲ್ಲಿ ಅವರು ಗ್ರೇಡಿಂಗ್ ಚಾವಡಿಯ ನೆಲದಲ್ಲಿ ಕೂತದ್ದು ನಾನು ನೋಡಿರಲಿಲ್ಲ. ಹೇಳಿಕೊಟ್ಟೆ. ಗಾತ್ರ ನೋಡಬೇಡಿ, ಅದು ಸರಿ ಉಂಟು. ಬಣ್ಣ ಮಾತ್ರ. ತಲೆ ಬಗ್ಗಿಸಿ ಹತ್ತಿರ ನೋಡಬೇಡಿ, ಕುತ್ತಿಗೆ ಹೋಗುತ್ತದೆ. ಧಣಿಗಳು ತಲೆ ಬಗ್ಗಿಸಿ ಹತ್ತಿರವೇ ನೋಡಿದರು. ಸಂಜೆಗೆ ಕುತ್ತಿಗೆ ಹೋಯಿತು.

ಒಂದು ಅಧಿಕಾರವನ್ನು ಮಾತ್ರ ಅವರಿಗೆ ಬಿಡಲಾಗಲಿಲ್ಲ. ಪಾದರಕ್ಷೆ ಹಾಕಿಕೊಂಡು ಯಾರೂ ಚಾವಡಿಯೊಳಗೆ ಬರಬಾರದು ಎಂದು ಕಟ್ಟುನಿಟ್ಟು ಮಾಡಿದರು. ಹೋಟೆಲಿನ ಕೆಲಸದವರು, ಕುತೂಹಲಕ್ಕೆ ಬಂದ ಇತರ ಅತಿಥಿಗಳು, ಕೊನೆಗೆ ಅಮ್ಮನೂ ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲಿ ಬಂದು ನಿಂತು ನೋಡಿದರು. ಆರಿಸುವ ಕೆಲಸದ ಮೂರನೆಯ ದಿನ ಅಮ್ಮನೂ ಕೂತು ಶುರು ಮಾಡಿದರು. ಅವರ ಕೈ ಚುರುಕಾಗಿತ್ತು. ಕಾರ್ಕಳದಲ್ಲಿ ಹುಟ್ಟಿದ್ದರೆ ನಮ್ಮ ಮೇಲ್ವಿಚಾರಕಿ ಆಗುತ್ತಿದ್ದರು.

ಧಣಿಗಳ ಕೈಯ ಬಗ್ಗೆ ಮಾತ್ರ ಹೇಳಿ ಪ್ರಯೋಜನ ಇರಲಿಲ್ಲ. ಅವರ ಬಿಳಿ ರಾಶಿಯಲ್ಲಿ ಹತ್ತಕ್ಕೊಂದು ಕಂದು. ಅದೇ ರೀತಿ ಹೋದರೆ ಕಲ್ಯಾಣಿಯ ಡಬ್ಬವೇ ವಾಸಿ. ಬಾಯಿಬಿಟ್ಟು ಹೇಳಲು ಮನಸ್ಸು ಬರಲಿಲ್ಲ. ಪಾಪ, ಧಣಿಗಳು, ಕುತ್ತಿಗೆ ನೋವು ಬೇರೆ. ಅವರು ಚಹಾಕ್ಕೆ ಎದ್ದಾಗಲೆಲ್ಲ ಅವರ ರಾಶಿಯಲ್ಲಿ ಕೈಯಾಡಿಸಿ ಕಂದಿದ ಬೀಜಗಳನ್ನು ಹೆಕ್ಕಿ ನನ್ನ ಕಡೆಗೆ ಹಾಕಿಕೊಳ್ಳುತ್ತಿದ್ದೆ.

ಆರಿಸುವ ಕೆಲಸದ ನಾಲ್ಕನೆಯ ದಿನ ಅವರು ಚಹಾ ಅರ್ಧಕ್ಕೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ನೋಡಿರಲಿಲ್ಲ.

"ಎಂತ ಮಾಡ್ತಾ ಇದ್ದಿ ವಾಸಂತಿ?"

ಕೈಯಲ್ಲಿ ಕಂದು ಬೀಜ ಇತ್ತು. "ನಿಮ್ಮದನ್ನು ಸ್ವಲ್ಪ ಸರಿ ಮಾಡುತ್ತಿದ್ದೇನೆ."

"ಯಾವಾಗಿನಿಂದ?"

"ಮೊದಲ ದಿನದಿಂದ."

ಧಣಿಗಳು ಬಂದು ಕೂತರು. ತಮ್ಮ ರಾಶಿಯನ್ನು ನೋಡಿದರು, ನನ್ನ ಪಕ್ಕದ ಕಂದು ಗುಡ್ಡೆಯನ್ನು ನೋಡಿದರು.

"ಅವಳದ್ದನ್ನೂ ಹೀಗೆಯೇ ಮಾಡುತ್ತಿದ್ದಿಯಾ?"

"ಹೌದು ಧಣಿಗಳೇ."

"ನನ್ನ ಬಿಳಿಯಲ್ಲಿ ಇಷ್ಟು ಉಂಟಾ?"

"ಅವಳದ್ದರಲ್ಲಿ ಇದಕ್ಕಿಂತ ಕಡಿಮೆ ಇರುತ್ತಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಧಣಿಗಳು ತಮ್ಮ ರಾಶಿಯಿಂದ ನಾಲ್ಕು ಕಂದು ಬೀಜ ಹೆಕ್ಕಿ ಪಕ್ಕಕ್ಕಿಟ್ಟರು. ಆಮೇಲೆ ತಲೆ ಎತ್ತದೆಯೇ ಹೇಳಿದರು:

"ಅವಳು ಗಾತ್ರ ಮಾತ್ರ ನೋಡಲಿ. ಬಣ್ಣಕ್ಕೆ ಎದುರು ಇನ್ನೊಬ್ಬರನ್ನು ಕೂರಿಸು. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸು, ರಜೆ ನಾನು ಕೊಡುತ್ತೇನೆ. ಮತ್ತೆ ನನ್ನ ರಾಶಿ ಮುಟ್ಟಬೇಡ. ತಪ್ಪಿದ್ದರೆ ಬಾಯಿಯಲ್ಲಿ ಹೇಳು."

ಆ ಸಂಜೆ ಹೆಂಡ್ರಿಕ್ ಬಂದರು. ಧಣಿಗಳ ಕಟ್ಟಳೆಯಂತೆ ಬೂಟು ಬಿಚ್ಚಿ ಹೊರಗಿಟ್ಟರು; ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗಿತ್ತು. ಕಣ್ಣು ತೆರೆದುಕೊಂಡೇ ಎಲ್ಲ ಹದಿನಾಲ್ಕನ್ನೂ ನೋಡಿದರು. ಆಮೇಲೆ ಧಣಿಗಳ ಕೈ ಕುಲುಕಿದರು, ನನಗೆ ಕೈ ಮುಗಿದರು. ಮುಂದಿನ ಸರಕು ಕಳಿಸಬಹುದು ಎಂದರು. ಮಳೆಗಾಲದಲ್ಲಿ ಕಾರ್ಖಾನೆ ಮುಚ್ಚುವುದಿಲ್ಲ ಎಂದು ಆಗ ಖಾತ್ರಿಯಾಯಿತು. ನನಗೆ ಅಲ್ಲಿಯೇ ಅಳು ಬಂತು. ಗೋಡೆಯ ಗಡ್ಡದವರ ಎದುರು ಸ್ವಲ್ಪ ಅತ್ತೆ. ಅಮ್ಮ ಅದಕ್ಕೂ ಒಂದು ಹಾಸುವಸ್ತ್ರದ ತುದಿ ಕೊಟ್ಟರು.

ಸೋಮವಾರ: ಕಾರ್ಕಳ

ಊರಿಗೆ ಬಂದ ಮರುದಿನ ಸೋಮವಾರ. ಗಂಟೆ ಹೊಡೆಯುವ ಮೊದಲೇ ಹೋದೆ. ಕಲ್ಯಾಣಿ ಎಂದಿನ ಹಾಗೆ ಎಲ್ಲರಿಗಿಂತ ಮೊದಲು ಬಂದು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ನಾನು ಬಂದದ್ದು ಹೆಜ್ಜೆಯ ಸದ್ದಿನಿಂದ ತಿಳಿದಿರಬೇಕು.

"ಬಂದೆಯಾ ವಾಸಂತಿ? ಡಬ್ಬ ಯಾರದ್ದಂತೆ?"

"ನಿನ್ನದು."

ಅವಳು ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳಲಿಲ್ಲ.

ಎಲ್ಲವನ್ನೂ ಹೇಳಿದೆ. ಹೆಂಡ್ರಿಕ್ ಕಣ್ಣು ಮುಚ್ಚಿ ಅವಳ ಕೈಯನ್ನು ಗುರುತಿಸಿದ್ದು, ಧಣಿಗಳಿಗೆ ತಿಳಿದದ್ದು, ಕೆಲಸ ಹೋಗುವುದಿಲ್ಲ, ಇನ್ನು ಮೇಲೆ ಗಾತ್ರ ಮಾತ್ರ, ಮಣಿಪಾಲಕ್ಕೆ ಹೋಗುವ. ಕೊನೆಗೆ, ಎರಡು ವರ್ಷದಿಂದ ನನಗೆ ಗೊತ್ತಿತ್ತೆಂದೂ ಪ್ರತಿ ಸಂಜೆ ಅವಳ ಡಬ್ಬ ನಾನೇ ಸರಿ ಮಾಡುತ್ತಿದ್ದೆನೆಂದೂ ಹೇಳಿದೆ. ಸುಳ್ಳು ಯಾಕೆ ಹೇಳಲಿ, ಈಗ ಅವಳು ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ವಿಮಾನದಲ್ಲಿಯೇ ಅಂದುಕೊಂಡಿದ್ದೆ.

ಅವಳು ಹಿಡಿಯಲಿಲ್ಲ.

"ಗೊತ್ತಿದ್ದೂ ಸುಮ್ಮನೆ ಇದ್ದದ್ದಾ?"

"ನಿನಗೆ ಬೇಸರ ಆಗುವುದು ಬೇಡ ಅಂತ."

"ಒಂದು ಮಾತು ಹೇಳಬಾರದಿತ್ತಾ ಮಾರಾಯ್ತಿ? ಎರಡು ವರ್ಷ ನಿನ್ನ ಪಕ್ಕದಲ್ಲೇ ನಾನು ಒಬ್ಬಳೇ ಹೆದರಿಕೊಂಡು ಕೂತದ್ದಲ್ವಾ?"

ಅಷ್ಟರಲ್ಲಿ ಗಂಟೆ ಹೊಡೆಯಿತು. ಒಳಗೆ ಹೋಗಿ ಎದುರುಬದುರು ಕೂತೆವು. ಅವಳು ಗಾತ್ರ ನೋಡಿ ನನ್ನ ಕಡೆಗೆ ತಳ್ಳುತ್ತಿದ್ದಳು, ನಾನು ಬಣ್ಣ ನೋಡಿ ಬೇರೆ ಮಾಡುತ್ತಿದ್ದೆ. ಮಧ್ಯಾಹ್ನದವರೆಗೆ ಅವಳು ನನ್ನ ಜೊತೆ ಮಾತಾಡಲಿಲ್ಲ.